ಗಸಿ ಇರಲಿ, ರೊಟ್ಟಿ ಬೇಡ: ಕರಾವಳಿ ಅಡುಗೆಮನೆಗೆ ಕೀಟೋ ಪ್ರಶ್ನೋತ್ತರ

ಕಾರ್ಬೋಹೈಡ್ರೇಟ್ ತೀರಾ ಇಳಿಸಿ ಬಹುಪಾಲು ಶಕ್ತಿಯನ್ನು ಕೊಬ್ಬಿನಿಂದ ಪಡೆಯುವ ಕೀಟೋ ಊಟದ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಒಂದೇ ಕಷ್ಟ ಮತ್ತೆ ಮತ್ತೆ ಬರುತ್ತದೆ. ಮೊಬೈಲಿನಲ್ಲಿ ಸಿಗುವ ಪಟ್ಟಿಗಳ ತುಂಬ ಆವಕಾಡೊ, ಚೀಸ್, ಬಾದಾಮಿ ಹಿಟ್ಟು. ನಮ್ಮ ಮನೆಯಲ್ಲಿರುವುದು ಬಂಗುಡೆ, ಬಸಳೆ, ತೆಂಗಿನಕಾಯಿ. ಪೇಟೆಗೆ ಹೋಗಿ ಹೊಸ ಸಾಮಾನು ತರುವ ಮೊದಲು ಮನೆಯ ಪಾತ್ರೆಯನ್ನೇ ಒಮ್ಮೆ ಲೆಕ್ಕ ಹಾಕಿ ನೋಡಿ. ಮೀನಿನ ಗಸಿ, ಸುಕ್ಕ, ತಂಬುಳಿ, ಸೊಪ್ಪಿನ ಪಲ್ಯ ಇವೆಲ್ಲ ಹೆಚ್ಚುಕಡಿಮೆ ಕೀಟೋಗೆ ಹೊಂದುವ ಪದಾರ್ಥಗಳೇ. ಹೊಂದದಿರುವುದು ಅವುಗಳ ಜೊತೆ ಬಡಿಸುವ ಅನ್ನ, ರೊಟ್ಟಿ, ದೋಸೆ, ಮತ್ತೆ ಒಳಗೆ ಸದ್ದಿಲ್ಲದೆ ಸೇರುವ ಬೆಲ್ಲ, ಹುಳಿ, ರವೆ.

ಇಲ್ಲಿ ಕಾರ್ಬ್ ಎಂದಾಗ ಕಾರ್ಬೋಹೈಡ್ರೇಟಿನಿಂದ ನಾರಿನಂಶ ಕಳೆದು ಉಳಿದದ್ದು ಎಂದು ತಿಳಿಯಿರಿ. ಕೀಟೋದಲ್ಲಿ ಇದು ದಿನಕ್ಕೆ 20ರಿಂದ 50 ಗ್ರಾಂ ಒಳಗಿರಬೇಕು. ದೇಹದ ತೂಕದ ಪ್ರತಿ ಕಿಲೋಗೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು 1.2 ಗ್ರಾಂ ಪ್ರೋಟೀನ್ ಬೇಕು. ಉಳಿದ ಶಕ್ತಿ ಕೊಬ್ಬಿನಿಂದ.

ಕುಚ್ಚಲಕ್ಕಿ ಒಳ್ಳೆಯದು ಅಂತಾರಲ್ಲ, ಅರ್ಧ ಪ್ಲೇಟು ಉಂಡರೆ ತೊಂದರೆಯೇ? ಗಂಜಿಯಾದರೂ ಆಗಬಹುದೇ?
– ಗೃಹಿಣಿ, ಕಾಪು

ಕುಚ್ಚಲಕ್ಕಿ ಒಳ್ಳೆಯ ಅಕ್ಕಿ, ಅನುಮಾನವಿಲ್ಲ. ಆದರೆ ಬೆಂದ ಅನ್ನದ ಒಂದು ಕಪ್, ಅಂದರೆ ಸುಮಾರು 160 ಗ್ರಾಂ, ತೂಗಿ ಲೆಕ್ಕ ಹಾಕಿದರೆ 40 ಗ್ರಾಂ ಕಾರ್ಬ್. ಇಡೀ ದಿನದ ಪಾಲು ಅಲ್ಲಿಗೇ ಮುಗಿಯಿತು. ಗಂಜಿ ತೆಳುವಾಗಿ ಕಾಣುವುದು ನೀರಿನಿಂದ. 50 ಗ್ರಾಂ ಅಕ್ಕಿಯ ಗಂಜಿಯಲ್ಲಿ ತಿಳಿ ಎಷ್ಟೇ ಇರಲಿ, ಕಾರ್ಬ್ 38 ಗ್ರಾಂ ಹತ್ತಿರ ಇದ್ದೇ ಇರುತ್ತದೆ. ನೀರುದೋಸೆಯ ಲೆಕ್ಕವೂ ಹೀಗೆಯೇ. 200 ಗ್ರಾಂ ಬೆಳ್ತಿಗೆ ಅಕ್ಕಿಯಲ್ಲಿ ಹನ್ನೆರಡು ದೋಸೆ ಬಂದರೆ ಒಂದೊಂದರಲ್ಲಿ 13 ಗ್ರಾಂ. ಕಾಗದದಷ್ಟು ತೆಳುವಾಗಿದೆಯಲ್ಲ ಎಂದು ಮೂರು ತಿಂದರೆ 39 ಗ್ರಾಂ ಆಯಿತು.

"ಸ್ವಲ್ಪ ಅನ್ನ, ಸ್ವಲ್ಪ ಕೀಟೋ" ಎಂಬ ದಾರಿ ಇಲ್ಲ. ಅನ್ನವೂ ಇದ್ದು ಕೊಬ್ಬೂ ಏರಿದರೆ ಕೀಟೋಸಿಸ್, ಅಂದರೆ ದೇಹ ಮುಖ್ಯವಾಗಿ ಕೊಬ್ಬನ್ನೇ ಉರಿಸುವ ಸ್ಥಿತಿ, ಬರುವುದಿಲ್ಲ, ತೂಕ ಮಾತ್ರ ಏರುತ್ತದೆ. ಅನ್ನ ಬಿಡಲು ಮನಸ್ಸಿಲ್ಲದವರು ಅನ್ನ ಕಡಿಮೆ ಮಾಡಿ, ಎಣ್ಣೆಯನ್ನೂ ಮಿತವಾಗಿಟ್ಟು ಸಾಮಾನ್ಯ ಊಟ ಮಾಡುವುದೇ ಮೇಲು.

ನಮ್ಮದು ಮೀನು ತಿನ್ನುವ ಮನೆ. ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕೀಟೋ. ಬೇರೆ ಅಡುಗೆ ಮಾಡದೆ ದಿನದ ಊಟ ಹೇಗೆ ಹೊಂದಿಸುವುದು?
– ಬ್ಯಾಂಕ್ ಉದ್ಯೋಗಿ, ಸುರತ್ಕಲ್

ಬೇರೆ ಅಡುಗೆ ಬೇಕಿಲ್ಲ. ಒಂದು ಪಾತ್ರೆ ಬಂಗುಡೆ ಗಸಿಯನ್ನು ಬಿಡಿಸಿ ನೋಡೋಣ. ಎಂಟು ಮಧ್ಯಮ ಬಂಗುಡೆ, ಅರ್ಧ ಕಾಯಿಯ ತುರಿ 100 ಗ್ರಾಂ, ಬ್ಯಾಡಗಿ ಮೆಣಸು ಹತ್ತು, ಕೊತ್ತಂಬರಿ ಒಂದು ದೊಡ್ಡ ಚಮಚ, ಮೆಂತೆ ಮತ್ತು ಓಮ ಕಾಲು ಕಾಲು ಚಿಕ್ಕ ಚಮಚ, ಕಾಳುಮೆಣಸು ಎಂಟು, ಬೆಳ್ಳುಳ್ಳಿ ನಾಲ್ಕು ಎಸಳು, ಸಣ್ಣ ನೀರುಳ್ಳಿ ಒಂದು, ಹುಣಸೆಹುಳಿ 12 ಗ್ರಾಂ, ಅರಸಿನ, ಉಪ್ಪು. ಮೀನಿನಲ್ಲಿ ಕಾರ್ಬ್ ಸೊನ್ನೆ. ತೆಂಗಿನಿಂದ 6 ಗ್ರಾಂ, ಹುಳಿಯಿಂದ 7, ನೀರುಳ್ಳಿಯಿಂದ 4ರಿಂದ 5, ಮೆಣಸು, ಬೆಳ್ಳುಳ್ಳಿ, ಉಳಿದ ಸಾಮಾನು ಸೇರಿ 9ರಿಂದ 10. ಪಾತ್ರೆಗೆ ಒಟ್ಟು ಸುಮಾರು 27 ಗ್ರಾಂ, ತಲಾ 7 ಗ್ರಾಂ. ಹುಟ್ಟಿನಿಂದ ತಿಂದುಕೊಂಡು ಬಂದ ಗಸಿಯೇ ಕೀಟೋ ಪದಾರ್ಥ!

ಇಷ್ಟಾದರೂ ಮೊದಲ ವಾರದಲ್ಲಿ ಅನೇಕರು ಗಸಿ ಸೇರುವುದಿಲ್ಲ ಎನ್ನುತ್ತಾರೆ. ಕಾರಣ ಇದೆ. ನಮ್ಮ ಗಸಿಯ ಖಾರ, ಹುಳಿ ಎಲ್ಲವನ್ನೂ ಅನ್ನಕ್ಕೆ ಕಲಸಿಕೊಳ್ಳುವ ಲೆಕ್ಕದಲ್ಲಿ ಹಾಕಿರುತ್ತೇವೆ. ಅನ್ನ ತೆಗೆದು ಬರೀ ಗಸಿ ಬಟ್ಟಲಿಗೆ ಹಾಕಿಕೊಂಡರೆ ನಾಲಗೆ ಸುಡುತ್ತದೆ, ನಾಲ್ಕು ತುತ್ತಿಗೇ ಸಾಕೆನಿಸುತ್ತದೆ, ಸಂಜೆಗೆ ಹಸಿವಾಗಿ ಕೈ ಗೋಳಿಬಜೆಗೆ ಹೋಗುತ್ತದೆ. ಆದ್ದರಿಂದ ಮೆಣಸು ಏಳಕ್ಕೆ ಇಳಿಸಿ, ಹುಳಿ ಅರ್ಧ ಮಾಡಿ, ನೀರು ಕಡಿಮೆ ಹಾಕಿ ಮಸಾಲೆಯನ್ನು ದಪ್ಪವಾಗಿಯೇ ಹತ್ತು ನಿಮಿಷ ಕುದಿಸಿ. ಆಮೇಲೆ ಮೀನು ಇಳಿಸಿ, ಸೌಟು ಹಾಕದೆ ಪಾತ್ರೆಯನ್ನೇ ಅಲುಗಿಸುತ್ತ ಏಳೆಂಟು ನಿಮಿಷ ಬೇಯಿಸಿ. ಅನ್ನ ಉಣ್ಣುವ ಮೂವರಿಗೆ ಖಾರ ಸಾಲದಿದ್ದರೆ ಬದಿಗೆ ಉಪ್ಪಿನಕಾಯಿ ಇದೆಯಲ್ಲ. ಕೀಟೋದವರ ಬಟ್ಟಲಿಗೆ ಕೊನೆಯಲ್ಲಿ ಒಂದು ದೊಡ್ಡ ಚಮಚ ಹಸಿ ತೆಂಗಿನೆಣ್ಣೆ ಸುರಿಯಿರಿ. ಅದರಲ್ಲಿ 14 ಗ್ರಾಂ ಕೊಬ್ಬು, 120 ಕ್ಯಾಲೊರಿ. ಅನ್ನ ಕೊಡುತ್ತಿದ್ದ ಶಕ್ತಿಯ ಒಂದು ಪಾಲು ಅಲ್ಲಿಂದ ಬರಬೇಕು.

ಅನ್ನದ ಜಾಗಕ್ಕೆ ಪಲ್ಯ ಬರಲಿ, ಆದರೆ ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಅಲ್ಲ, 150 ಗ್ರಾಂ. ಸಣ್ಣಗೆ ಹೆಚ್ಚಿದ ಕೋಸಿನ ಉಪ್ಕರಿ, ತೊಂಡೆಕಾಯಿ, ಬಸಳೆ, ಹರಿವೆ, ಹಾಗಲ, ಬೂದುಕುಂಬಳ, ಹೂಕೋಸು ಇವೆಲ್ಲ 100 ಗ್ರಾಂಗೆ 2ರಿಂದ 4 ಗ್ರಾಂ ಕಾರ್ಬ್‌ನವು. ಹೂಕೋಸನ್ನು ತುರಿದು ಅನ್ನದಂತೆ ಮಾಡುವವರು ಅದನ್ನು ನೀರಿನಲ್ಲಿ ಬೇಯಿಸಬೇಡಿ, ಮುದ್ದೆಯಾಗುತ್ತದೆ. ಬಿಸಿ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹಾಕಿ, ಮುಚ್ಚದೆ, ನಾಲ್ಕೈದು ನಿಮಿಷ ಹುರಿದರೆ ಉದುರುದುರಾಗಿ ನಿಲ್ಲುತ್ತದೆ. ಜೀಗುಜ್ಜೆ, ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ, ಹಲಸಿನ ಹಣ್ಣು ಬೇಡ. ಜೀಗುಜ್ಜೆ ಪೋಡಿ ಎಷ್ಟು ರುಚಿಯಾದರೂ 100 ಗ್ರಾಂ ಜೀಗುಜ್ಜೆಯಲ್ಲಿ 22 ಗ್ರಾಂ ಕಾರ್ಬ್ ಇದೆ. ಪತ್ರೊಡೆಯಲ್ಲಿ ಎಲೆಯದೇನೂ ತಪ್ಪಿಲ್ಲ, ಹಚ್ಚುವ ಅಕ್ಕಿ ಹಿಟ್ಟಿನದು.

70 ಕಿಲೋ ತೂಕದವರ ಒಂದು ದಿನ ಹೀಗಿರಬಹುದು. ಬೆಳಗ್ಗೆ ಎರಡು ಮೊಟ್ಟೆ, ಹಿಡಿ ತೆಂಗಿನತುರಿ ಹಾಕಿದ ಹರಿವೆ ಪಲ್ಯ: 6 ಗ್ರಾಂ. ಮಧ್ಯಾಹ್ನ ಎರಡು ಬಂಗುಡೆಯ ಗಸಿ, ತೊಂಡೆಕಾಯಿ ಪಲ್ಯ: 12ರಿಂದ 13. ಸಂಜೆ ಕಾಲು ಕಪ್ ಮೊಸರಿನ ಮಜ್ಜಿಗೆ, 30 ಗ್ರಾಂ ನೆಲಗಡಲೆ: 5. ರಾತ್ರಿ 150 ಗ್ರಾಂ ಕೋಳಿಯ ಸುಕ್ಕ, ಕೋಸಿನ ಉಪ್ಕರಿ: 9. ಒಟ್ಟು 33ರ ಹತ್ತಿರ, ಪ್ರೋಟೀನ್ 90 ಗ್ರಾಂಗೆ ಕಡಿಮೆಯಿಲ್ಲ.

ಇಷ್ಟನ್ನೆಲ್ಲ ಜೋಪಾನವಾಗಿ ಮಾಡಿ ಚಹಾದಲ್ಲಿ ಸೋಲುವವರು ಬಹಳ. ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆಯ ಒಂದು ಚಹಾ ಸುಮಾರು 13 ಗ್ರಾಂ. ಆಫೀಸಿನಲ್ಲಿ ದಿನಕ್ಕೆ ಮೂರು ಎಂದರೆ ಊಟ ಮಾಡದೆಯೇ 39 ಗ್ರಾಂ.

ರವಾ ಫ್ರೈ ತಿನ್ನಬಹುದೇ?
– ವಿದ್ಯಾರ್ಥಿ, ಮಣಿಪಾಲ

ಒಂದು ಮೀನಿಗೆ ಮೆತ್ತುವ ಒಂದು ದೊಡ್ಡ ಚಮಚ ರವೆಯಲ್ಲಿ 7 ಗ್ರಾಂ ಕಾರ್ಬ್. ಒಂದು ತುಂಡಿಗಾದರೆ ಸಹಿಸಬಹುದು, ಮೂರಕ್ಕೆ ಸಾಧ್ಯವಿಲ್ಲ. ಬರೀ ಮೆಣಸಿನ ಪುಡಿ, ಅರಸಿನ, ಉಪ್ಪು, ಲಿಂಬೆರಸ ಹಚ್ಚಿ ಅರ್ಧ ಗಂಟೆ ಇಟ್ಟು ತವಾ ಫ್ರೈ ಮಾಡಿ. ರವೆಯಿಲ್ಲದೆ ಮೀನು ತವಾಕ್ಕೆ ಅಂಟುವುದು ತೇವದಿಂದ. ಮಸಾಲೆ ಹಚ್ಚುವ ಮೊದಲು ಮೀನನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಎಣ್ಣೆ ಚೆನ್ನಾಗಿ ಕಾದ ಮೇಲೆ ಇಡಿ, ಮೂರು ನಿಮಿಷ ಮುಟ್ಟಬೇಡಿ. ಹೋಟೆಲಿನಲ್ಲಿ ಕೇಳುವಾಗ "ರವೆಯೂ ಬೇಡ, ಮೆಕ್ಕೆಜೋಳದ ಹಿಟ್ಟೂ (ಕಾರ್ನ್‌ಫ್ಲೋರ್) ಬೇಡ" ಎಂದು ಬಿಡಿಸಿ ಹೇಳಿ.

ಮೂರನೇ ದಿನಕ್ಕೇ ತಲೆನೋವು, ಸುಸ್ತು, ರಾತ್ರಿ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಬಿಟ್ಟುಬಿಡಲೇ?
– ಓದುಗರು, ಕಂಕನಾಡಿ

ಬಿಡುವ ಮೊದಲು ಉಪ್ಪು ನೋಡಿ. ಕಾರ್ಬ್ ಇಳಿದಾಗ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದರೆ ಮೂತ್ರಪಿಂಡ ಸೋಡಿಯಂ ಹಿಡಿದಿಡುವುದಿಲ್ಲ, ಉಪ್ಪೂ ನೀರೂ ಹೊರಗೆ ಹೋಗುತ್ತವೆ. ಅದರ ಮೇಲೆ ನಮ್ಮ ಕರಾವಳಿಯ ಬೆವರು ಬೇರೆ. ಬರೀ ನೀರು ಕುಡಿದಷ್ಟೂ ಸುಸ್ತು ಹೆಚ್ಚುವುದು ಇದಕ್ಕೇ. ರಕ್ತದೊತ್ತಡ ಸರಿಯಾಗಿದ್ದು, ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರು ಅಡುಗೆಯ ಉಪ್ಪಿನ ಮೇಲೆ ದಿನಕ್ಕೆ ಅರ್ಧದಿಂದ ಒಂದು ಚಿಕ್ಕ ಚಮಚ ಉಪ್ಪನ್ನು ಎರಡು ಮೂರು ಸಲಕ್ಕೆ ಹಂಚಿ ತೆಗೆದುಕೊಳ್ಳಿ. ಬೆಲ್ಲ ಹಾಕದ ಪುನರ್ಪುಳಿ ಸಾರು, ಉಪ್ಪು ಶುಂಠಿಯ ಮಜ್ಜಿಗೆನೀರು, ಕೋಳಿಮೂಳೆಯ ಸಾರು ಇದಕ್ಕೆ ಒಳ್ಳೆಯ ದಾರಿ. ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಉಪ್ಪು ಏರಿಸಬಾರದು. ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನಂತೂ ಕೇಳದೆ ಮುಟ್ಟಲೇಬಾರದು.

ಬೊಂಡ ಕುಡಿಯಬಹುದೇ ಎಂದೂ ಕೇಳಿದ್ದೀರಿ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ, ಒಂದು ಲೋಟಕ್ಕೆ 7ರಿಂದ 9 ಗ್ರಾಂ ಸಕ್ಕರೆ. ಅರ್ಧ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ ಕುಡಿದು, ಅಷ್ಟನ್ನು ಲೆಕ್ಕಕ್ಕೆ ಹಿಡಿಯಿರಿ. ವಾರ ಕಳೆದರೂ ಎದೆಬಡಿತ, ತಲೆಸುತ್ತು ಇದ್ದರೆ ಊಟದ ಪ್ರಯೋಗ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ದೋಸೆ ಇಲ್ಲದೆ ಬೆಳಗಾಗುವುದಿಲ್ಲ. ಬಾದಾಮಿ ಹಿಟ್ಟು ದುಬಾರಿ. ಬೇರೆ ಏನಾದರೂ ಇದೆಯೇ?
– ಶಿಕ್ಷಕಿ, ಬಂಟ್ವಾಳ

ಇದೆ, ಹಾಲು ಹಿಂಡಿದ ತೆಂಗಿನ ಚರಟ. ಎಷ್ಟೋ ಮನೆಗಳಲ್ಲಿ ಅದು ದನದ ಬಾಯಿಗೆ ಹೋಗುತ್ತದೆ. ಚರಟವನ್ನು ತಟ್ಟೆಯಲ್ಲಿ ಹರಡಿ ಎರಡು ದಿನ ಒಳ್ಳೆಯ ಬಿಸಿಲಿಗೆ ಒಣಗಿಸಿ. ಮಳೆಗಾಲವಾದರೆ ದಪ್ಪ ಬಾಣಲೆಯಲ್ಲಿ ತೀರಾ ಸಣ್ಣ ಉರಿಯಲ್ಲಿ, ಬಣ್ಣ ತಿರುಗದಂತೆ, ಇಪ್ಪತ್ತು ನಿಮಿಷ ಕೈಯಾಡಿಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆಯಾಗದೆ ಉದುರಬೇಕು. ತೇವ ಉಳಿದರೆ ಎರಡೇ ದಿನದಲ್ಲಿ ಮುಗ್ಗು ವಾಸನೆ ಬರುತ್ತದೆ. ಆರಿದ ಮೇಲೆ ಮಿಕ್ಸಿಯಲ್ಲಿ ಪುಡಿ ಮಾಡಿ ಫ್ರಿಜ್ಜಿನಲ್ಲಿಡಿ.

ನಾಲ್ಕು ಸಣ್ಣ ದೋಸೆಗೆ ಈ ಹಿಟ್ಟು ಮೂರು ದೊಡ್ಡ ಚಮಚ, ಮೊಟ್ಟೆ ಮೂರು, ತೆಂಗಿನ ಹಾಲು 100 ಮಿಲಿ, ಇಸಬ್ಗೋಲಿನ ಹೊಟ್ಟು ಒಂದು ಚಿಕ್ಕ ಚಮಚ, ಜೀರಿಗೆ, ಉಪ್ಪು. ಕಲಸಿ ಹತ್ತು ನಿಮಿಷ ಬಿಡಲೇಬೇಕು. ತೆಂಗಿನ ಹಿಟ್ಟು ನೀರು ಕುಡಿಯಲು ಹೊತ್ತು ಬೇಕು, ಆತುರಪಟ್ಟರೆ ದೋಸೆ ತವಾದಲ್ಲೇ ಬಿರುಕು ಬಿಡುತ್ತದೆ. ಇಸಬ್ಗೋಲು ಹೆಚ್ಚಾದರೆ ರಬ್ಬರಿನಂತಾಗುತ್ತದೆ, ಹಾಕದಿದ್ದರೆ ಮಗುಚುವಾಗ ತುಂಡಾಗುತ್ತದೆ. ನೀರುದೋಸೆಯ ಹಾಗೆ ಇದು ತಾನಾಗಿ ಹರಿಯದು, ಸೌಟಿನ ಬೆನ್ನಿನಲ್ಲಿ ಅಂಗೈಯಗಲ ಮೆಲ್ಲಗೆ ಹರಡಿ. ಮಧ್ಯಮ ಉರಿ, ಮುಚ್ಚಳ, ಎರಡು ನಿಮಿಷ. ಅಂಚು ತಾನಾಗಿ ಎದ್ದ ಮೇಲೆ ಮಗುಚಿ. ಒಂದು ದೋಸೆಗೆ ಸುಮಾರು 2 ಗ್ರಾಂ ಕಾರ್ಬ್. ಇದು ನೀರುದೋಸೆ ಅಲ್ಲ, ಆ ರುಚಿ ಹುಡುಕಬೇಡಿ. ಆದರೆ ಕೋರಿ ಗಸಿ ಹೀರಿಕೊಳ್ಳುವುದರಲ್ಲಿ ಯಾವ ದೋಸೆಗೂ ಕಡಿಮೆಯಿಲ್ಲ.

ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಚಾತುರ್ಮಾಸ್ಯದ ವ್ರತವೂ ಉಂಟು. ಕೀಟೋ ಸಾಧ್ಯವೇ?
– ನಿವೃತ್ತ ಉಪನ್ಯಾಸಕರು, ಉಡುಪಿ

ವ್ರತದ ನಾಲ್ಕು ತಿಂಗಳು ಬೇಡ ಎಂಬುದು ನಮ್ಮ ಸ್ಪಷ್ಟ ಸಲಹೆ. ಶಾಕವ್ರತದಲ್ಲಿ ತರಕಾರಿಯಿಲ್ಲ, ದಧಿವ್ರತದಲ್ಲಿ ಮೊಸರಿಲ್ಲ, ಕ್ಷೀರವ್ರತದಲ್ಲಿ ಹಾಲಿಲ್ಲ, ಕೊನೆಗೆ ದ್ವಿದಳವಿಲ್ಲ. ಮೊಟ್ಟೆ ಮೀನು ಮೊದಲೇ ಇಲ್ಲದವರಿಗೆ ಆಗ ಪ್ರೋಟೀನ್ ಹುಟ್ಟುವ ಜಾಗವೇ ಇರುವುದಿಲ್ಲ. ಉತ್ಥಾನ ದ್ವಾದಶಿ ಮುಗಿದ ಮೇಲೆ ಆರಂಭಿಸಿ.

ನೀರುಳ್ಳಿ ಇಲ್ಲದಿರುವುದು ನಿಮಗೆ ಅನುಕೂಲವೇ. 100 ಗ್ರಾಂ ನೀರುಳ್ಳಿಯಲ್ಲಿ 7 ಗ್ರಾಂಗೂ ಹೆಚ್ಚು ಕಾರ್ಬ್ ಇದೆ. ಕಷ್ಟ ಇರುವುದು ತೊಗರಿಬೇಳೆ ಮತ್ತು ಬೆಲ್ಲದಲ್ಲಿ. ಒಬ್ಬರ ಪಾಲಿನ ಸಾಂಬಾರಿಗೆ 25 ಗ್ರಾಂ ಬೇಳೆ ಬಿದ್ದರೆ 12 ಗ್ರಾಂ ಕಾರ್ಬ್, ಮೇಲೆ ಬೆಲ್ಲ. ಬೆಲ್ಲ ಮಾತ್ರ ತೆಗೆದರೆ ಹುಳಿ ಮೆಣಸು ಎರಡೂ ಎದ್ದು ಬಾಯಿಗೆ ಹೊಡೆಯುತ್ತವೆ, ಏಕೆಂದರೆ ಅವೆರಡನ್ನೂ ತಗ್ಗಿಸಿಟ್ಟದ್ದು ಬೆಲ್ಲವೇ. ಬೆಲ್ಲ ಬಿಟ್ಟ ದಿನ ಹುಳಿ ಅರ್ಧ ಮಾಡಿ, ತೆಂಗಿನತುರಿ ಒಂದು ಚಮಚ ಹೆಚ್ಚು ಅರೆಯಿರಿ. ಬೇಳೆಯ ಹುಳಿಯ ಬದಲು ಮಜ್ಜಿಗೆಹುಳಿ, ಕೊದ್ದೆಲಿನ ಬದಲು ತಂಬುಳಿ.

ತಂಬುಳಿಗಿಂತ ಹಗುರವಾದ ಕೀಟೋ ಪದಾರ್ಥ ನಮ್ಮಲ್ಲಿ ಇಲ್ಲ. ಎರಡು ಹಿಡಿ ಒಂದೆಲಗವನ್ನು ತುಪ್ಪದಲ್ಲಿ ಬಾಡಿಸಿ, 30 ಗ್ರಾಂ ತುರಿ, ಅರ್ಧ ಚಮಚ ಜೀರಿಗೆ, ಎರಡು ಕಾಳುಮೆಣಸಿನ ಜೊತೆ ನುಣ್ಣಗೆ ಅರೆದು, 100 ಮಿಲಿ ಮೊಸರಿಗೆ ಬೆರೆಸಿ, ತುಪ್ಪದ ಒಗ್ಗರಣೆ ಕೊಡಿ. 7 ಗ್ರಾಂ ಒಳಗೆ ಮುಗಿಯುತ್ತದೆ. ಕುದಿಸಬೇಡಿ, ಮೊಸರು ಒಡೆಯುತ್ತದೆ.

2011ರಲ್ಲಿ ಭೌಗೋಳಿಕ ಸೂಚಕ ಪಡೆದ ಮಟ್ಟುಗುಳ್ಳ ನಿಮ್ಮ ಪಕ್ಕದಲ್ಲೇ ಬೆಳೆಯುತ್ತದೆ. ಬದನೆ ಜಾತಿಗೆ 100 ಗ್ರಾಂಗೆ 3 ಗ್ರಾಂ ಕಾರ್ಬ್ ಅಷ್ಟೆ, ಎಣ್ಣೆಯನ್ನೂ ಚೆನ್ನಾಗಿ ಹೀರುತ್ತದೆ. ಬೇರೆ ಕಡೆ ಇದು ದೋಷ, ಕೀಟೋದಲ್ಲಿ ಗುಣ. ಮಳೆಗಾಲದ ಕಣಿಲೆಯೂ (ಎಳೆ ಬಿದಿರು) ಹೊಂದುತ್ತದೆ, ಆದರೆ ಹೆಚ್ಚಿದ ಮೇಲೆ ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಚೆನ್ನಾಗಿ ಬೇಯಿಸಿದರೆ ಮಾತ್ರ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ಅಜ್ಜಿಯರ ಕಟ್ಟುನಿಟ್ಟಿಗೆ ಕಾರಣ ಅದೇ.

ಪ್ರೋಟೀನಿಗೆ ಉಡುಪಿ ಅಡುಗೆ ಮಾತ್ರ ಸಾಲದು, ಇದನ್ನು ಮುಚ್ಚಿಡುವುದಿಲ್ಲ. ದಿನಕ್ಕೆ 200 ಗ್ರಾಂ ಪನೀರ್ 36 ಗ್ರಾಂ, ಒಣಗಿದ ಸೋಯಾ ಉಂಡೆ 30 ಗ್ರಾಂನಿಂದ 15, ನೆಲಗಡಲೆ 30 ಗ್ರಾಂನಿಂದ 8, ಮೊಸರು ತರಕಾರಿ ತೆಂಗು ಸೇರಿ ಇನ್ನೊಂದು ಹತ್ತು. ಅಲ್ಲಿಗೆ ಸುಮಾರು 70 ಗ್ರಾಂ ಪ್ರೋಟೀನ್, ಕಾರ್ಬ್ 35. ಸೋಯಾವನ್ನು ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ಹಿಂಡಿ, ಮೆಣಸು ತುಪ್ಪದಲ್ಲಿ ಹುರಿದರೆ ಹಸಿ ವಾಸನೆ ಇರುವುದಿಲ್ಲ.

ಜೂನ್, ಜುಲೈಯಲ್ಲಿ ಮೀನು ಸಿಗದಿದ್ದಾಗ?
– ಓದುಗರು, ಮಲ್ಪೆ

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ನಾಡದೋಣಿಯ ಮೀನು ಬಂದರೂ ದರ ಏರಿರುತ್ತದೆ. ಮೇ ತಿಂಗಳಲ್ಲೇ ಒಣಮೀನು ತೆಗೆದಿಡಿ. ಅರ್ಧ ಗಂಟೆ ನೆನೆಸಿ ನೀರು ಚೆಲ್ಲಿ, ಆ ದಿನ ಬೇರೆ ಪದಾರ್ಥಕ್ಕೆ ಉಪ್ಪು ಕಡಿಮೆ ಹಾಕಿ. ಉಳಿದ ದಿನಗಳಿಗೆ ಮೊಟ್ಟೆ, ಚರ್ಮಸಹಿತ ಕೋಳಿ. ಮರುವಾಯಿ ಸಿಕ್ಕಿದರೆ ತಿನ್ನಿ, ಆದರೆ ಚಿಪ್ಪುಮೀನಿನಲ್ಲಿ 100 ಗ್ರಾಂಗೆ 3ರಿಂದ 5 ಗ್ರಾಂ ಕಾರ್ಬ್ ಇರುತ್ತದೆ.

ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ಕೀಟೋ ಮಾಡಿದರೆ ಮಾತ್ರೆ ಬಿಡಬಹುದು ಎಂದು ಕೇಳಿದೆ.
– ವ್ಯಾಪಾರಿ, ಪುತ್ತೂರು

ಮಾತ್ರೆಯನ್ನು ನೀವಾಗಿ ಬಿಡಬೇಡಿ, ಕೀಟೋವನ್ನೂ ನೀವಾಗಿ ಹಿಡಿಯಬೇಡಿ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಝೈಡ್ ತೆಗೆದುಕೊಳ್ಳುವವರು ಅನ್ನ ನಿಲ್ಲಿಸಿ ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಮೊದಲ ದಿನವೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಝಿನ್, ಎಂಪಾಗ್ಲಿಫ್ಲೋಝಿನ್ ಗುಂಪಿನ ಮಾತ್ರೆಗಳದ್ದು ಇದಕ್ಕಿಂತ ಮೋಸದ ಅಪಾಯ. ಅವುಗಳ ಜೊತೆ ಕೀಟೋ ಸೇರಿದರೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರಬಹುದು, ಮತ್ತು ಗ್ಲುಕೋಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಕಾಣಿಸದೆಯೇ ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಮೀಟರಿನ ಅಂಕಿ ನೋಡಿ ಸಮಾಧಾನ ಮಾಡಿಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಿ. ಮಾತ್ರೆಯ ಪಟ್ಟಿ ಹಿಡಿದುಕೊಂಡು ಮೊದಲು ವೈದ್ಯರ ಬಳಿ ಹೋಗಿ, ಆಮೇಲೆ ಅಡುಗೆಯ ಮಾತು.

ಗರ್ಭಿಣಿಯರು, ಹಾಲುಣಿಸುವವರು, ಟೈಪ್ 1 ಮಧುಮೇಹ, ಮೂತ್ರಪಿಂಡ, ಮೇದೋಜೀರಕ ಗ್ರಂಥಿಯ ತೊಂದರೆ ಇರುವವರು ಮನೆಯಲ್ಲಿ ಇದನ್ನು ಮಾಡಬಾರದು. ಮಕ್ಕಳ ಅಪಸ್ಮಾರಕ್ಕೆ 1921ರಿಂದ ಈ ಪಥ್ಯ ಬಳಕೆಯಲ್ಲಿದೆ ನಿಜ, ಆದರೆ ಅದು ಆಸ್ಪತ್ರೆಯ ನಿಗಾದಲ್ಲಿ ಗ್ರಾಂ ಗ್ರಾಂ ತೂಗಿ ಕೊಡುವ ಚಿಕಿತ್ಸೆ.

ಮೊದಲ ವಾರ ಮೂರು ಕಿಲೋ ಇಳಿಯಿತು, ಆಮೇಲೆ ನಿಂತೇಹೋಯಿತು. ಎಲ್ಲಿ ತಪ್ಪಿದೆ?
– ಓದುಗರು, ಮೂಡುಬಿದಿರೆ

ಮೊದಲ ವಾರ ಇಳಿದದ್ದು ಬಹುಪಾಲು ನೀರು. ದೇಹ ಸಕ್ಕರೆಯನ್ನು ಕೂಡಿಡುವ ರೂಪವಾದ ಗ್ಲೈಕೋಜನ್ ಒಂದೊಂದು ಗ್ರಾಂಗೆ ಮೂರು ಗ್ರಾಂ ನೀರು ಹಿಡಿದಿರುತ್ತದೆ, ಅದು ಖರ್ಚಾದಾಗ ನೀರೂ ಹೋಯಿತು. ಇನ್ನು ಮುಂದೆ ವಾರಕ್ಕೆ ಅರ್ಧ ಕಿಲೋ ಇಳಿದರೂ ಒಳ್ಳೆಯದೇ. ಪೂರ್ತಿ ನಿಂತಿದ್ದರೆ ತೆಂಗಿನಕಾಯಿ ಮತ್ತು ಗೇರುಬೀಜ ನೋಡಿ. ಒಬ್ಬರೇ ಅರ್ಧ ಕಾಯಿ ಮುಗಿಸಿದರೆ 350 ಕ್ಯಾಲೊರಿ. 30 ಗ್ರಾಂ ಗೇರುಬೀಜದಲ್ಲಿ 8 ಗ್ರಾಂ ಕಾರ್ಬ್, ನೆಲಗಡಲೆಯ ಎರಡು ಮೂರು ಪಟ್ಟು. ಡಬ್ಬದಿಂದ ಹಿಡಿಹಿಡಿಯಾಗಿ ತಿನ್ನುವ ಪದಾರ್ಥವನ್ನು ಒಂದು ವಾರ ತೂಗಿ ತಿನ್ನಿ, ತಪ್ಪು ತಾನೇ ಕಾಣುತ್ತದೆ.

ಇನ್ನೊಂದು ಮಾತು. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಸುಮಾರು 90 ಶೇಕಡಾ ಸ್ಯಾಚುರೇಟೆಡ್, ಅಂದರೆ ಕೊಲೆಸ್ಟರಾಲ್ ಏರಿಸುವ ಬಗೆಯದು. ಕೆಲವರಿಗೆ ಕೀಟೋದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಜೋರಾಗಿ ಏರುತ್ತದೆ. ಆರಂಭಕ್ಕೆ ಮೊದಲೊಮ್ಮೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಏರಿದ್ದರೆ ತೆಂಗಿನೆಣ್ಣೆ, ತುಪ್ಪ ಇಳಿಸಿ ಬೂತಾಯಿ, ಬಂಗುಡೆ, ಎಳ್ಳೆಣ್ಣೆ, ಕಡಲೆಎಣ್ಣೆಯ ಕಡೆ ಹೊರಳಿ, ವೈದ್ಯರ ಜೊತೆ ಮಾತಾಡಿ.

ಮೂರು ತಿಂಗಳಾಯಿತು, ಇನ್ನು ಸಾಕು. ಅನ್ನಕ್ಕೆ ಮರಳುವುದು ಹೇಗೆ?
– ಓದುಗರು, ಕುಂದಾಪುರ

ಮದುವೆಮನೆಯ ಊಟದಲ್ಲಿ ಮರಳಬೇಡಿ. ಮೊದಲ ವಾರ ಮಧ್ಯಾಹ್ನಕ್ಕೆ ಮಾತ್ರ 100 ಗ್ರಾಂ ಬೆಂದ ಕುಚ್ಚಲಕ್ಕಿ ಅನ್ನ, ಅಂದರೆ 25 ಗ್ರಾಂ ಕಾರ್ಬ್. ಅದೇ ದಿನದಿಂದ ಬಟ್ಟಲಿಗೆ ಸುರಿಯುತ್ತಿದ್ದ ತೆಂಗಿನೆಣ್ಣೆಯ ಚಮಚ ನಿಲ್ಲಬೇಕು. ಅನ್ನ ಬಂದು ಎಣ್ಣೆಯೂ ಉಳಿದರೆ ಇಳಿದ ತೂಕ ಎರಡೇ ತಿಂಗಳಲ್ಲಿ ಮರಳುತ್ತದೆ. ಮೊದಲ ನಾಲ್ಕೈದು ದಿನದಲ್ಲಿ ಒಂದೆರಡು ಕಿಲೋ ಏರಿದರೆ ಗಾಬರಿ ಬೇಡ, ಅದು ಮೇಲೆ ಹೇಳಿದ ನೀರೇ. ಎರಡನೇ ವಾರ ರಾತ್ರಿಗೂ ಅಷ್ಟೇ ಅನ್ನ ಸೇರಿಸಿ. ಪಲ್ಯದ 150 ಗ್ರಾಂ ಇಳಿಸಬೇಡಿ, ತಟ್ಟೆಗೆ ಅದನ್ನೇ ಮೊದಲು ಬಡಿಸಿಕೊಳ್ಳಿ.